ಕಾಮಿಕ್ ಸ್ಯಾನ್ಸ್ ಹಾಕಿದರೆ ಜನ ನಗುತ್ತಾರಾ?

ಪ್ರಶ್ನೆ: ಮನೆಯಲ್ಲೇ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. ಬಾಟಲಿಯ ಲೇಬಲ್ಲನ್ನು ನಾನೇ ಕಂಪ್ಯೂಟರಿನಲ್ಲಿ ಮಾಡಿಕೊಳ್ಳುತ್ತೇನೆ. ಕೈಯಲ್ಲಿ ಬರೆದ ಹಾಗೆ ಕಾಣಲಿ ಅಂತ ಇಂಗ್ಲಿಷಿಗೆ ಕಾಮಿಕ್ ಸ್ಯಾನ್ಸ್ ಅನ್ನುವ ಫಾಂಟ್ ಹಾಕಿದ್ದೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಅದನ್ನು ನೋಡಿ, ‘ಅಮ್ಮ, ಇದನ್ನು ಹಾಕಿದರೆ ಜನ ನಗುತ್ತಾರೆ’ ಅಂದಳು. ಅದರಲ್ಲಿ ತಪ್ಪೇನಿದೆ? ಇನ್ನೊಂದು, ಕನ್ನಡಕ್ಕೆ ಅದೇ ಫಾಂಟ್ ಹಾಕಿದರೆ ಅಕ್ಷರ ಬದಲಾಗುವುದೇ ಇಲ್ಲ. ಕನ್ನಡದಲ್ಲಿ ಅಂಥದ್ದು ಇದೆಯಾ? ನನ್ನ ತಂಗಿ ಶಿಶುವಿಹಾರ ನಡೆಸುತ್ತಾಳೆ. ಅವಳ ನೋಟಿಸೆಲ್ಲ ಇದೇ ಫಾಂಟಿನಲ್ಲಿ ಇರುತ್ತದೆ. ಅವಳೂ ಬದಲಾಯಿಸಬೇಕಾ?

ಉತ್ತರ: ಮಗಳ ಮಾತಿನಿಂದಲೇ ಶುರು ಮಾಡೋಣ. ನಗುವವರು ಇದ್ದಾರೆ, ಸುಳ್ಳಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಡಿಸೈನ್ ಓದಿದವರು, ಇಲ್ಲವೇ ಅಂಥವರ ಜೊತೆ ಓಡಾಡುವವರು. ನಿಮ್ಮ ಮಾವಿನಮಿಡಿ ಬಾಟಲಿ ಎತ್ತಿಕೊಳ್ಳುವವರು ಈ ಫಾಂಟಿನ ಹೆಸರು ಕೇಳಿರುವುದೂ ಅನುಮಾನ. ಹಾಗಂತ ಅವರಿಗೆ ಏನೂ ಗೊತ್ತಾಗುವುದಿಲ್ಲ ಅಂತ ತಿಳಿಯಬೇಡಿ. ಇದು ಮನೆಯದ್ದು, ಇದು ಫ್ಯಾಕ್ಟರಿಯದ್ದು, ಇದನ್ನು ಯಾರೋ ಹತ್ತು ನಿಮಿಷದಲ್ಲಿ ಮಾಡಿ ಕೈ ತೊಳೆದುಕೊಂಡಿದ್ದಾರೆ ಅನ್ನುವುದೆಲ್ಲ ಅಕ್ಷರ ಕಂಡ ಕೂಡಲೇ ಮನಸ್ಸಿಗೆ ಬರುತ್ತದೆ. ಓದುವುದಕ್ಕಿಂತ ಮೊದಲೇ ಬರುತ್ತದೆ.

ಕೈಬರಹದಂಥ ಫಾಂಟ್ ಹಾಕಿದ ತಕ್ಷಣ ಆ ಸಾಲು ಯಾರೋ ಒಬ್ಬರು ಎದುರಿಗೆ ನಿಂತು ಆಡಿದ ಮಾತಿನಂತೆ ಕೇಳಿಸುತ್ತದೆ. ಹಾಗಾಗಿ ನಾನು ಯಾವಾಗಲೂ ಕೇಳುವುದು ಒಂದೇ: ಈ ಸಾಲು ಯಾರ ಮಾತು? ನಿಮ್ಮ ಲೇಬಲ್ಲನ್ನೇ ನೋಡಿ. ‘ಒದ್ದೆ ಚಮಚ ಹಾಕಬೇಡಿ’ ಅಂತ ಎಲ್ಲೋ ಒಂದು ಕಡೆ ಬರೆದೇ ಇರುತ್ತೀರಿ, ಅಲ್ವಾ? ಅದು ನೀವು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳುವ ಮಾತು. ಅದಕ್ಕೆ ಕೈಬರಹ ಚೆನ್ನಾಗಿ ಒಪ್ಪುತ್ತದೆ. ‘ನಿವ್ವಳ ತೂಕ 250 ಗ್ರಾಂ’ ಅನ್ನುವುದನ್ನು ಕಾನೂನು ನಿಮ್ಮಿಂದ ಹೇಳಿಸುತ್ತಿದೆ. ಅದಕ್ಕೆ ಒಪ್ಪುವುದಿಲ್ಲ. ಕಾಮಿಕ್ ಸ್ಯಾನ್ಸ್ ಹುಟ್ಟಿದ್ದೂ ಇಂಥದ್ದೇ ಒಂದು ಪ್ರಶ್ನೆಯಿಂದ. ಆ ಕಥೆ ಸ್ವಲ್ಪ ಹೇಳುತ್ತೇನೆ. ಹೇಳಿದರೆ ಬೈಗುಳ ಯಾಕೆ ಬಂತು ಅನ್ನುವುದೂ ತಿಳಿಯುತ್ತದೆ.

1994ರಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ಬಾಬ್ ಅಂತ ಒಂದು ಸಾಫ್ಟ್‌ವೇರ್ ತಯಾರು ಮಾಡುತ್ತಿದ್ದರು. ಕಂಪ್ಯೂಟರ್ ಅಂದರೆ ಹೆದರುವ ಜನರಿಗಾಗಿ ಮಾಡಿದ್ದು ಅದು. ತೆರೆಯ ಮೇಲೆ ಮನೆಯ ಕೋಣೆಗಳು. ಕೋಣೆಯಲ್ಲಿ ರೋವರ್ ಅಂತ ಒಂದು ಕಾರ್ಟೂನ್ ನಾಯಿ. ಅದು ಕಾಮಿಕ್ಕುಗಳಲ್ಲಿ ಇರುವಂಥ ಮಾತಿನ ಬಲೂನಿನಲ್ಲಿ ಮಾತಾಡುತ್ತ, ಹೀಗೆ ಮಾಡಿ, ಹಾಗೆ ಮಾಡಿ ಅಂತ ದಾರಿ ಹೇಳುತ್ತಿತ್ತು. ಇದನ್ನು ಪರೀಕ್ಷೆಗೆ ಕೊಟ್ಟಾಗ, ಅಲ್ಲೇ ಫಾಂಟ್ ಕೆಲಸ ಮಾಡುತ್ತಿದ್ದ ವಿನ್ಸೆಂಟ್ ಕೊನೇರ್ ನೋಡಿದರು. ನಾಯಿಯ ಮಾತು ಟೈಮ್ಸ್ ನ್ಯೂ ರೋಮನ್‌ನಲ್ಲಿತ್ತು. 1932ರಲ್ಲಿ ಲಂಡನ್ನಿನ ಒಂದು ದಿನಪತ್ರಿಕೆಗೆ ಅಂತ ಮಾಡಿದ ಅಕ್ಷರ ಅದು. ಸುದ್ದಿ, ಸಂಪಾದಕೀಯ, ಕೋರ್ಟಿನ ತೀರ್ಪು ಅಂಥದ್ದಕ್ಕೆ ಹೇಳಿ ಮಾಡಿಸಿದ್ದು. ನಾಯಿ ಹಾಗೆ ಮಾತಾಡುತ್ತದಾ ಅನ್ನುವುದು ಕೊನೇರ್ ಅವರ ತಕರಾರು.

ಅವರ ಕೋಣೆಯಲ್ಲಿ ಬ್ಯಾಟ್‌ಮ್ಯಾನ್ ಮತ್ತಿತರ ಕಾಮಿಕ್ ಪುಸ್ತಕಗಳಿದ್ದವು. ಅಮೆರಿಕದ ಕಾಮಿಕ್ಕುಗಳಲ್ಲಿ ಬಲೂನಿನ ಮಾತನ್ನು ಆಗ ಕೈಯಲ್ಲೇ ಬರೆಯುತ್ತಿದ್ದರು. ಅದಕ್ಕೆಂದೇ ಬೇರೆ ಕಲಾವಿದರು ಇರುತ್ತಿದ್ದರು. ಕೊನೇರ್ ಆ ಪುಟಗಳನ್ನು ಸ್ಕ್ಯಾನ್ ಮಾಡಲಿಲ್ಲ. ನೋಡಿಕೊಂಡು, ಮೌಸ್ ಹಿಡಿದು, ತೆರೆಯ ಮೇಲೆ ಬರೆದರು, ಸರಿ ಬರುವ ತನಕ ತಿದ್ದಿದರು. ಆ ಪುಸ್ತಕಗಳಲ್ಲಿ ಮಾತೆಲ್ಲ ಸಾಮಾನ್ಯವಾಗಿ ದೊಡ್ಡಕ್ಷರದಲ್ಲೇ ಇರುತ್ತದೆ. ಸಣ್ಣಕ್ಷರ ಹೇಗಿರಬೇಕು ಅನ್ನುವುದನ್ನು ಬಹುಮಟ್ಟಿಗೆ ಅವರೇ ಯೋಚಿಸಿ ಮಾಡಬೇಕಾಯಿತು.

ತಮಾಷೆ ಏನೆಂದರೆ, ಆ ನಾಯಿಗೆ ಈ ಫಾಂಟ್ ಸಿಗಲೇ ಇಲ್ಲ. ಅಕ್ಷರಗಳು ಟೈಮ್ಸ್‌ಗಿಂತ ಸ್ವಲ್ಪ ದೊಡ್ಡವು. ಅಷ್ಟು ಹೊತ್ತಿಗೆ ಬಲೂನುಗಳ ಅಳತೆ ಎಲ್ಲ ಟೈಮ್ಸ್‌ಗೆ ತಕ್ಕಂತೆ ನಿಗದಿಯಾಗಿತ್ತು, ಇದು ಅದರಲ್ಲಿ ಹಿಡಿಸಲಿಲ್ಲ. 1995ರ ಮಾರ್ಚಿನಲ್ಲಿ ಬಾಬ್ ಬಂತು, ಹೆಚ್ಚು ದಿನ ಬಾಳಲಿಲ್ಲ. ಫಾಂಟ್ ಮಾತ್ರ ಉಳಿಯಿತು. ಮಕ್ಕಳಿಗಾಗಿ ಮಾಡಿದ ಇನ್ನೊಂದು ಸಾಫ್ಟ್‌ವೇರಿಗೆ ಹೋಯಿತು. ಅಲ್ಲಿಂದ ವಿಂಡೋಸ್ 95ರ ಪ್ಲಸ್ ಪ್ಯಾಕಿಗೆ, ಆಮೇಲೆ ವಿಂಡೋಸ್ ಒಳಕ್ಕೇ ಬಂತು. 1996ರಲ್ಲಿ ವೆಬ್ಬಿಗೆ ಅಂತ ಮೈಕ್ರೋಸಾಫ್ಟ್ ಬಿಟ್ಟಿಯಾಗಿ ಕೊಟ್ಟ ಫಾಂಟ್‌ಗಳಲ್ಲೂ ಇದು ಸೇರಿತ್ತು.

ಅಪವಾದ ಶುರುವಾದದ್ದು ಇಲ್ಲಿಂದ. ಆಗಿನ ಕಂಪ್ಯೂಟರಿನಲ್ಲಿ ಫಾಂಟ್‌ಗಳು ಬಹಳ ಇರಲಿಲ್ಲ. ಏರಿಯಲ್, ಟೈಮ್ಸ್, ಕೂರಿಯರ್, ಇನ್ನೊಂದಿಷ್ಟು. ಎಲ್ಲವೂ ಆಫೀಸಿನ ಮುಖ. ಹುಟ್ಟುಹಬ್ಬದ ಕರೆಯೋಲೆಗೋ ಅಪಾರ್ಟ್‌ಮೆಂಟಿನ ಗಣಪತಿ ಹಬ್ಬದ ನೋಟಿಸಿಗೋ ಸ್ವಲ್ಪ ಸಲಿಗೆಯ ಅಕ್ಷರ ಬೇಕು ಅಂದರೆ ಇದ್ದದ್ದು ಇದೊಂದೇ. ಜನ ಅದನ್ನೇ ಹಾಕಿದರು. ಲಿಫ್ಟ್ ಕೆಟ್ಟಿದೆ ಅನ್ನುವುದಕ್ಕೂ ಅದೇ, ಶ್ರದ್ಧಾಂಜಲಿಗೂ ಅದೇ. ಡಿಸೈನರುಗಳು ಜನರ ಅಭಿರುಚಿ ಕೆಟ್ಟಿತು ಅಂದರು. ನನಗೆ ಹಾಗನ್ನಿಸುವುದಿಲ್ಲ. ತಮಗೆ ಬೇಕಾದದ್ದು ಏನು ಅಂತ ಜನರಿಗೆ ಸರಿಯಾಗಿಯೇ ಗೊತ್ತಿತ್ತು, ಬೇರೆ ದಾರಿ ಇರಲಿಲ್ಲ ಅಷ್ಟೆ.

1999ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಡೇವ್ ಮತ್ತು ಹಾಲಿ ಕೋಂಬ್ಸ್ ಅನ್ನುವ ಇಬ್ಬರು ವಿನ್ಯಾಸಕಾರರು ಈ ಫಾಂಟನ್ನು ನಿಷೇಧಿಸಬೇಕು ಅಂತ ಒಂದು ಚಳವಳಿಯನ್ನೇ ಶುರು ಮಾಡಿದರು. ಮಕ್ಕಳ ಮ್ಯೂಸಿಯಮ್ಮಿನ ಒಂದು ಕೆಲಸಕ್ಕೆ ಇದನ್ನೇ ಹಾಕಿ ಅಂತ ಬಲವಂತ ಮಾಡಿದ್ದು ಅವರ ಸಿಟ್ಟಿಗೆ ಕಾರಣ. ಮಕ್ಕಳ ಮ್ಯೂಸಿಯಮ್ಮಿಗೆ ಹೊಂದದ ಫಾಂಟ್ ಏನಲ್ಲ ಇದು. ಇರಲಿ. ಆ ಚಳವಳಿಯ ನಂತರ ಕಾಮಿಕ್ ಸ್ಯಾನ್ಸ್ ನೋಡಿ ನಗುವುದು ಒಂದು ಫ್ಯಾಶನ್ ಆಯಿತು. ನಿಮ್ಮ ಮಗಳ ತನಕ ಬಂದಿರುವುದು ಆ ನಗುವೇ.

ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2010ರಲ್ಲಿ ಲೆಬ್ರಾನ್ ಜೇಮ್ಸ್ ಅನ್ನುವ ದೊಡ್ಡ ಬ್ಯಾಸ್ಕೆಟ್‌ಬಾಲ್ ಆಟಗಾರ ಕ್ಲೀವ್‌ಲ್ಯಾಂಡ್ ತಂಡ ಬಿಟ್ಟು ಹೋದಾಗ, ಆ ತಂಡದ ಮಾಲೀಕ ಡ್ಯಾನ್ ಗಿಲ್ಬರ್ಟ್ ಕೆಂಡಾಮಂಡಲವಾಗಿ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಪತ್ರ ಇದ್ದದ್ದು ಕಾಮಿಕ್ ಸ್ಯಾನ್ಸ್‌ನಲ್ಲಿ. ಪತ್ರದಲ್ಲಿ ಬೆಂಕಿ, ಅಕ್ಷರದಲ್ಲಿ ಕಾರ್ಟೂನು. ಜನ ಸಿಟ್ಟನ್ನು ಬಿಟ್ಟು ಫಾಂಟಿಗೆ ನಕ್ಕರು. ಅದು ನ್ಯಾಯವಾದ ನಗು. ಇನ್ನೊಂದು 2012ರ ಜುಲೈ 4ರದ್ದು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನಿನಂಥ ಕಣ ಸಿಕ್ಕಿದೆ ಅಂತ ಪ್ರಕಟಿಸಿದರು. ಭೌತವಿಜ್ಞಾನಿ ಫಾಬಿಯೋಲಾ ಜನೋಟ್ಟಿ ಅವರು ತೋರಿಸಿದ ಸ್ಲೈಡುಗಳೂ ಕಾಮಿಕ್ ಸ್ಯಾನ್ಸ್‌ನಲ್ಲೇ ಇದ್ದವು. ಅದಕ್ಕೂ ನಕ್ಕರು. ಇಲ್ಲಿ ನಾನು ಜನೋಟ್ಟಿ ಅವರ ಪಕ್ಷ. ಸ್ಲೈಡು ಅಂದರೆ ಒಬ್ಬರು ಸಭೆಯ ಎದುರು ನಿಂತು ಮಾತಾಡುವಾಗ ಹಿಂದೆ ಕಾಣುವ ಟಿಪ್ಪಣಿ. ಮಾತು ಅವರದ್ದೇ, ಅಕ್ಷರವೂ ಅವರ ಟಿಪ್ಪಣಿಯಂತೆ ಇತ್ತು. ಬೇಕಾದರೆ ಸ್ಲೈಡಿನಲ್ಲಿ ತುಂಬ ತುರುಕಿದ್ದರು ಅಂತ ದೂರಿ, ಒಪ್ಪುತ್ತೇನೆ. ಆಮೇಲೆ 2014ರ ಏಪ್ರಿಲ್ 1ರಂದು, ಇನ್ನು ಮುಂದೆ ಎಲ್ಲವೂ ಕಾಮಿಕ್ ಸ್ಯಾನ್ಸ್‌ನಲ್ಲೇ ಅಂತ ಸರ್ನ್‌ನವರೇ ಪ್ರಕಟಿಸಿ ಏಪ್ರಿಲ್ ಫೂಲ್ ಮಾಡಿದರು.

ಈಗ ಅಕ್ಷರವನ್ನೇ ಹತ್ತಿರದಿಂದ ನೋಡೋಣ. ಕಂಪ್ಯೂಟರಿನಲ್ಲಿ ಯಾವುದಾದರೂ ಇಂಗ್ಲಿಷ್ ಪದವನ್ನು ಕಾಮಿಕ್ ಸ್ಯಾನ್ಸ್‌ನಲ್ಲಿ ಟೈಪ್ ಮಾಡಿ, ಅಳತೆ 100ಕ್ಕೆ ಏರಿಸಿ. ಗೀಟು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ, ಮಾರ್ಕರ್ ಪೆನ್ನಿನಲ್ಲಿ ಬರೆದ ಹಾಗೆ. ತುದಿಗಳು ಉರುಟು. ನಿಂತ ಗೀಟುಗಳು ಪೂರ್ತಿ ನೆಟ್ಟಗಿಲ್ಲ. ಸಣ್ಣ ‘ಎ’ ಅಕ್ಷರ ಶಾಲೆಯಲ್ಲಿ ಬರೆಸುವಂತೆ ಒಂದೇ ಹೊಟ್ಟೆಯದ್ದು. ಏರಿಯಲ್‌ನಲ್ಲಿ ಅದೇ ‘ಎ’ಗೆ ಮೇಲೊಂದು ಕೊಕ್ಕೆ ಇರುತ್ತದೆ, ಯಾವ ಮಗುವೂ ಹಾಗೆ ಬರೆಯುವುದಿಲ್ಲ. ದೊಡ್ಡ ‘ಐ’ಗೆ ಮೇಲೆ ಕೆಳಗೆ ಅಡ್ಡಗೀಟು ಇದೆ. ಹಾಗಾಗಿ ಅದನ್ನು ಸಣ್ಣ ‘ಎಲ್’ ಅಂತ ತಿಳಿಯುವ ಪ್ರಶ್ನೆಯೇ ಇಲ್ಲ. ಏರಿಯಲ್‌ನಲ್ಲಿ ಇವೆರಡೂ ಬರೀ ನಿಂತ ಕಡ್ಡಿ. ಇದು ಕಾಮಿಕ್ ಸ್ಯಾನ್ಸ್‌ನ ಒಳ್ಳೆಯ ಮುಖ.

ತೊಂದರೆ ಇರುವುದು ಮುದ್ರಣದಲ್ಲಿ. 1994ರ ತೆರೆಗಳಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದದ್ದು ಕೆಲವೇ ಚುಕ್ಕಿಗಳು. ಅಂಚು ಮೆದುವಾಗಿಸುವ ತಂತ್ರವೂ ಇರಲಿಲ್ಲ. ಅಲ್ಲಿ ಈ ಒಂದೇ ದಪ್ಪದ ಗೀಟು ಚೆನ್ನಾಗಿ ಕಾಣುತ್ತಿತ್ತು. ಅದನ್ನೇ ಒಳ್ಳೆಯ ಪ್ರಿಂಟರಿನಲ್ಲಿ ದೊಡ್ಡದಾಗಿ ಹೊಡೆದಾಗ ಅಕ್ಷರಗಳ ನಡುವಿನ ಜಾಗ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಗಿ ಸಾಲು ಬೊಕ್ಕೆಬೊಕ್ಕೆಯಾಗಿ ಕಾಣುತ್ತದೆ. ನಿಮ್ಮ ಮಗಳಿಗೆ ಕಿರಿಕಿರಿ ಆದದ್ದು ಬಹುಶಃ ಇದರಿಂದಲೇ, ಹೆಸರಿಟ್ಟು ಹೇಳಲು ಬಾರದೆ ‘ನಗುತ್ತಾರೆ’ ಅಂದಿದ್ದಾಳೆ. ಇದೇ ಸ್ವಭಾವ ಇಟ್ಟುಕೊಂಡು ಈ ಕೊರತೆಗಳನ್ನು ತಿದ್ದಿದ ಕಾಮಿಕ್ ನ್ಯೂ ಅನ್ನುವ ಫಾಂಟ್ 2014ರಲ್ಲಿ ಬಂತು. ಆಸ್ಟ್ರೇಲಿಯಾದ ಕ್ರೇಗ್ ರೊಜಿನ್ಸ್ಕಿ ಮಾಡಿದ್ದು, ಗೂಗಲ್ ಫಾಂಟ್ಸ್ ಅನ್ನುವ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ಇಂಗ್ಲಿಷಿಗೆ ಅದನ್ನು ಹಾಕಿ ನೋಡಿ. ಪ್ಯಾಟ್ರಿಕ್ ಹ್ಯಾಂಡ್ ಇನ್ನೂ ಹೆಚ್ಚು ಪೆನ್ನಿನ ಬರಹದಂತಿದೆ, ಅದೂ ಬಿಟ್ಟಿ.

ಇನ್ನು ಕನ್ನಡ. ನೀವು ಕಾಮಿಕ್ ಸ್ಯಾನ್ಸ್ ಆರಿಸಿದರೂ ಕನ್ನಡ ಬದಲಾಗದೆ ಇರುವುದಕ್ಕೆ ಕಾರಣ ಸರಳ. ಆ ಫಾಂಟಿನೊಳಗೆ ಕನ್ನಡದ ಒಂದು ಅಕ್ಷರವೂ ಇಲ್ಲ. ಇಲ್ಲದ ಅಕ್ಷರ ಬಂದಾಗ ಕಂಪ್ಯೂಟರ್ ತನ್ನ ಹತ್ತಿರ ಇರುವ ಬೇರೆ ಫಾಂಟಿನಿಂದ ತಂದು ತೋರಿಸುತ್ತದೆ. ವಿಂಡೋಸ್‌ನಲ್ಲಾದರೆ ಹಳೆಯದರಲ್ಲಿ ತುಂಗಾ, ಹೊಸದರಲ್ಲಿ ನಿರ್ಮಲಾ. ಪಟ್ಟಿಯಲ್ಲಿ ಕಾಮಿಕ್ ಸ್ಯಾನ್ಸ್ ಅಂತ ಹೆಸರು ಕಾಣಿಸಿದರೂ ನೀವು ನೋಡುತ್ತಿರುವುದು ಅವನ್ನೇ. ಲೇಬಲ್ಲಿನಲ್ಲಿ ಇಂಗ್ಲಿಷ್ ಕುಣಿಯುತ್ತಿದ್ದರೆ ಪಕ್ಕದ ಕನ್ನಡ ಸರ್ಕಾರಿ ಸುತ್ತೋಲೆಯಂತೆ ನಿಂತಿರುತ್ತದೆ. ಬಾಟಲಿಯ ಮೇಲೆ ಇಬ್ಬರು ಬೇರೆ ಬೇರೆ ಜನ ಮಾತಾಡಿದ ಹಾಗಾಗುತ್ತದೆ. ನನ್ನ ಕೇಳಿದರೆ, ನಿಮ್ಮ ಲೇಬಲ್ಲಿನಲ್ಲಿ ಕಾಮಿಕ್ ಸ್ಯಾನ್ಸ್‌ಗಿಂತ ದೊಡ್ಡ ಸಮಸ್ಯೆ ಇದು.

ಒಂದು ವೇಳೆ ನೀವು ನುಡಿ, ಬರಹ ಅಥವಾ ಶ್ರೀಲಿಪಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫಾಂಟಿನಲ್ಲಿ, ಅಂದರೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದ್ದೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ್ದರೆ ಕಥೆ ಬೇರೆ. ಅಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿರುತ್ತಾರೆ. ಫಾಂಟ್ ಬದಲಿಸಿದ ಕೂಡಲೇ ವೇಷ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಹಾಗಾದರೆ ಗಾಬರಿ ಬೇಡ. ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕ ಇದೆ, ಯೂನಿಕೋಡಿಗೆ ಬದಲಿಸಿಕೊಂಡರೆ ಆಯಿತು.

ಕನ್ನಡದಲ್ಲಿ ಕೈಬರಹದ ಫಾಂಟ್ ಇದೆಯಾ ಅಂದರೆ, ಇಂಗ್ಲಿಷಿನಷ್ಟು ಇಲ್ಲ. ಹಿಂದಿಗೆ ಕಲಂ ಅಂತ ಒಂದು ಒಳ್ಳೆಯದಿದೆ, ಅದರಲ್ಲಿ ಕನ್ನಡ ಇಲ್ಲ. ಯಾಕೆ ಕಡಿಮೆ ಅಂದರೆ ಕೆಲಸ ಜಾಸ್ತಿ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಬರೆದರೆ ಒಂದು ಫಾಂಟ್ ನಿಂತುಕೊಳ್ಳುತ್ತದೆ. ನಮ್ಮಲ್ಲಿ ಕಾಗುಣಿತ ಇದೆ, ಪ್ರತಿ ವ್ಯಂಜನಕ್ಕೂ ಒತ್ತು ಇದೆ, ಅರ್ಕಾವೊತ್ತು ಇದೆ. ಗುಡಿಸು ಹಾಕಿದಾಗ ಒಂದೊಂದು ಅಕ್ಷರ ಒಂದೊಂದು ರೀತಿ ಬದಲಾಗುತ್ತದೆ. ನೂರಾರು ಆಕಾರ ಬರೆಯಬೇಕು, ಅವೆಲ್ಲ ಒಂದೇ ಕೈಯದ್ದು ಅಂತಲೂ ಕಾಣಬೇಕು.

ಈಗ ಸಿಗುವುದರಲ್ಲಿ ಮೂರು ಫಾಂಟ್ ನಿಮ್ಮ ಕೆಲಸಕ್ಕೆ ಬರುತ್ತವೆ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿವೆ, ಲೇಬಲ್ಲಿಗೆ ಹಾಕಿ ಮಾರಾಟ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಫಾಂಟ್ ಫೈಲನ್ನೇ ಮಾರುವಂತಿಲ್ಲ ಅಷ್ಟೆ. ಒಂದು, ಮುಂಬೈಯ ಏಕ್ ಟೈಪ್ ತಂಡದವರು ಮಾಡಿದ ಬಾಲೂ ತಮ್ಮ ಅನ್ನುವ ಫಾಂಟ್. ಇದಕ್ಕೆ ಬೇರೆ ಬೇರೆ ಲಿಪಿಯ ಬಂಧುಗಳಿದ್ದಾರೆ: ತೆಲುಗಿನ ತಮ್ಮುಡು, ಮಲಯಾಳದ ಚೇಟ್ಟನ್, ಗುಜರಾತಿಯ ಭಾಯ್. ಇದು ನಿಜವಾಗಿ ಕೈಬರಹವಲ್ಲ. ದಪ್ಪ, ದುಂಡು, ತುಂಬಿದ ಕೆನ್ನೆಯ ಅಕ್ಷರ. ದೂರಕ್ಕೆ ಕಾಣುತ್ತದೆ, ಮಕ್ಕಳ ತಿಂಡಿಗೆ, ಐಸ್‌ಕ್ರೀಮಿಗೆ ಬಹಳ ಚೆನ್ನ. ಉಪ್ಪಿನಕಾಯಿಗೆ ನನಗೆ ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ಎರಡು, ಹುಬ್ಬಳ್ಳಿ. ಎರಿನ್ ಮೆಕ್ಲಾಫ್ಲಿನ್ ಮಾಡಿದ್ದು. ಗೀಟೆಲ್ಲ ಒಂದೇ ದಪ್ಪ, ಆಕಾರ ಸಲೀಸು, ಬಿಗಿ ಇಲ್ಲ. ಕಾಮಿಕ್ ಸ್ಯಾನ್ಸ್‌ನ ಸ್ವಭಾವಕ್ಕೆ ಕನ್ನಡದಲ್ಲಿ ಹತ್ತಿರ ಬರುವುದು ಇದೇ. ಜೊತೆಯಲ್ಲಿ ಅದೇ ಕೈಯ ಇಂಗ್ಲಿಷ್ ಅಕ್ಷರಗಳೂ ಇರುವುದರಿಂದ, ಬಾಟಲಿಯ ಮೇಲೆ ಇಬ್ಬರು ಮಾತಾಡುವ ತೊಂದರೆ ತಪ್ಪುತ್ತದೆ. ಮೂರು, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯ ಕನಡಕ. ಇದರಲ್ಲಿ ಕುಣಿತ ಜಾಸ್ತಿ. ಎರಡು ಮೂರು ಪದದ ಹೆಸರಿಗೆ ಹಾಕಿದರೆ ಕಣ್ಣು ನಿಲ್ಲುತ್ತದೆ, ಒಂದು ಪ್ಯಾರಾ ಪೂರ್ತಿ ಹಾಕಿದರೆ ಕಣ್ಣು ದಣಿಯುತ್ತದೆ.

ಯಾವುದನ್ನೇ ತೆಗೆದುಕೊಂಡರೂ ಮೊದಲು ‘ಬೆಳ್ಳುಳ್ಳಿ’ ಅಂತ ಬರೆದು ನೋಡಿ. ನಿಮ್ಮ ಹತ್ತಿರ ಬೆಳ್ಳುಳ್ಳಿ ಉಪ್ಪಿನಕಾಯಿ ಇಲ್ಲದಿದ್ದರೂ ಪರವಾಗಿಲ್ಲ, ಫಾಂಟ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ. ಅದರಲ್ಲಿ ‘ಳ’ ಎರಡು ಸಲ ಬರುತ್ತದೆ, ಅದರ ಒತ್ತೂ ಎರಡು ಸಲ. ನೀವು ಪೆನ್ನಿನಲ್ಲಿ ಬರೆದರೆ ಮೊದಲ ಒತ್ತು ಸ್ವಲ್ಪ ಕೆಳಗೆ ಇಳಿದಿರುತ್ತದೆ, ಎರಡನೆಯದು ಜಾಗ ಸಾಲದೆ ಪಕ್ಕಕ್ಕೆ ಸರಿದಿರುತ್ತದೆ. ಫಾಂಟಿನಲ್ಲಿ ಎರಡೂ ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಗೆ ಒಂದೇ. ಇದು ಕೈಬರಹ ಅಲ್ಲ ಅಂತ ಕಣ್ಣಿಗೆ ಗೊತ್ತಾಗುವುದು ಅಲ್ಲೇ. ಕೆಲವು ಇಂಗ್ಲಿಷ್ ಫಾಂಟ್‌ಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಇಟ್ಟು, ಜೊತೆಗೆ ಬಂದಾಗ ತಾನಾಗಿ ಬದಲಾಗುವಂತೆ ಮಾಡಿರುತ್ತಾರೆ. ಕನ್ನಡಕ್ಕೆ ಹಾಗೆ ಮಾಡಬೇಕೆಂದರೆ ಮೇಲೆ ಹೇಳಿದ ನೂರಾರು ಆಕಾರಕ್ಕೆ ಇನ್ನಷ್ಟು ಸೇರುತ್ತವೆ.

ಇನ್ನೊಂದು ನೋಡಬೇಕಾದದ್ದು ಅಕ್ಷರಗಳ ಗುರುತು. ಸಲಿಗೆಯ ಬರಹದಲ್ಲಿ ಸಣ್ಣಪುಟ್ಟ ಗೀಟುಗಳು ಕರಗಿಹೋಗುತ್ತವೆ. ಕನ್ನಡದಲ್ಲಿ ಇರುವುದೆಲ್ಲ ಆ ಸಣ್ಣಪುಟ್ಟ ಗೀಟಿನಲ್ಲೇ. ‘ಪ’ದ ಹೊಟ್ಟೆ ಸೀಳಿದರೆ ‘ಷ’. ‘ಬ’ದ ಕೆಳಗೆ ಪುಟ್ಟ ಗೀಟು ಬಂದರೆ ‘ಭ’, ‘ದ’ದ ಕೆಳಗೆ ಬಂದರೆ ‘ಧ’. ನಿಮ್ಮ ಲೇಬಲ್ಲಿನ ಅಳತೆಯಲ್ಲಿ ‘ಭರಣಿ’ ಹೋಗಿ ‘ಬರಣಿ’ ಆಗುತ್ತದಾ ನೋಡಿ. ‘ಅರ್ಧ ಕೆಜಿ’ ಅನ್ನುವುದರಲ್ಲಿ ‘ಧ’ ಉಳಿಯುತ್ತದಾ ನೋಡಿ. ತೆಳು ಗೀಟಿನ ಫಾಂಟ್ ಆದರೆ ಕಡುಗೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಾಕಬೇಡಿ. ಶಾಯಿ ಸ್ವಲ್ಪ ಹರಡಿದರೂ ಗೀಟು ಮುಚ್ಚಿಹೋಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ, ಎರಡೂ ಡಿಕ್ಕಿ ಹೊಡೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೂ, ಬಾಟಲಿಯ ಹೆಸರಿಗೆ ನನ್ನ ಮೊದಲ ಆಯ್ಕೆ ಯಾವ ಫಾಂಟೂ ಅಲ್ಲ, ನಿಮ್ಮದೇ ಕೈಬರಹ. ಕೈಯಲ್ಲಿ ಬರೆದ ಹಾಗೆ ಕಾಣಬೇಕು ಅನ್ನುವುದು ನಿಮ್ಮ ಆಸೆ. ಹಾಗಾದರೆ ಬರೆದೇ ಬಿಡಿ. ಇರುವುದು ಎರಡು ಮೂರು ಪದ. ‘ನನ್ನದು ಕಾಗೆ ಕಾಲು ಗುಬ್ಬಿ ಕಾಲು’ ಅನ್ನಬೇಡಿ. ಮುತ್ತು ಪೋಣಿಸಿದಂಥ ಅಕ್ಷರವೇ ಬೇಕು ಅಂತೇನಿಲ್ಲ, ಸ್ಪಷ್ಟವಾಗಿ ಓದಲು ಬಂದರೆ ಸಾಕು. ಬಿಳಿ ಹಾಳೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಲೇಬಲ್ಲಿನ ಅಳತೆಗಿಂತ ಮೂರು ನಾಲ್ಕು ಪಟ್ಟು ದೊಡ್ಡದಾಗಿ ಬರೆಯಿರಿ. ಗೆರೆಯ ಹಾಳೆ ಬೇಡ. ಒಂದೇ ಹೆಸರನ್ನು ಹಾಳೆ ತುಂಬ ಬರೆಯಿರಿ. ಮೊದಲಿನವು ಬಿಗಿಯಾಗಿರುತ್ತವೆ, ಕೈ ಸಡಿಲಾದ ಮೇಲೆ ಬಂದದ್ದರಲ್ಲಿ ಒಂದನ್ನು ಆರಿಸಿ. ತಲೆಕಟ್ಟು ಎಲ್ಲಿ ಬೀಳುತ್ತದೆ ಗಮನಿಸಿ. ವೇಗವಾಗಿ ಬರೆಯುವಾಗ ಅದು ಓರೆಯಾಗಿ, ಅಕ್ಷರದಿಂದ ಒಂಚೂರು ದೂರ ಹಾರಿರುತ್ತದೆ. ಅದನ್ನು ತಿದ್ದಲು ಹೋಗಬೇಡಿ. ಬರಹಕ್ಕೆ ಜೀವ ಬರುವುದು ಅಲ್ಲಿಂದಲೇ.

ಆರಿಸಿದ್ದನ್ನು ಹಗಲು ಬೆಳಕಿನಲ್ಲಿ, ಹಾಳೆಯ ಮೇಲೆ ಫೋನಿನ ನೆರಳು ಬೀಳದ ಹಾಗೆ ಫೋಟೊ ತೆಗೆಯಿರಿ. ಇಂಕ್‌ಸ್ಕೇಪ್ ಅಂತ ಒಂದು ಬಿಟ್ಟಿ ಸಾಫ್ಟ್‌ವೇರ್ ಇದೆ. ಅದರಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಅನ್ನುವ ಆಯ್ಕೆ ಒತ್ತಿದರೆ ನಿಮ್ಮ ಬರಹ ಗೆರೆಗಳಾಗಿ ಬದಲಾಗುತ್ತದೆ. ಆಮೇಲೆ ಬಾಟಲಿಗೂ ಹಾಕಬಹುದು, ಫ್ಲೆಕ್ಸಿಗೂ ಹಾಕಬಹುದು, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಮಗಳಿಗೆ ಹೇಳಿದರೆ ಅವಳೇ ಮಾಡಿಕೊಟ್ಟ ಹಾಗೂ ಆಯಿತು.

ಉಳಿದ ಸಾಲುಗಳಲ್ಲಿ ‘ಒದ್ದೆ ಚಮಚ ಹಾಕಬೇಡಿ’, ‘ತೆರೆದ ಮೇಲೆ ಬಿಗಿಯಾಗಿ ಮುಚ್ಚಿ’ ಅನ್ನುವಂಥವಕ್ಕೆ ಹುಬ್ಬಳ್ಳಿ ಫಾಂಟ್. ಪದಾರ್ಥಗಳ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವಕ್ಕೆಲ್ಲ ಯಾವ ಅಲಂಕಾರವೂ ಇಲ್ಲದ ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಈ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು, ಅದರ ಜೊತೆಗೆ ಕನ್ನಡ ಹಾಕಬಹುದು ಅನ್ನುವುದು ಆಹಾರ ಸುರಕ್ಷತೆಯ ನಿಯಮ. ಹಾಗಾಗಿ ಜಾಗ ಬೇಕಾಗುತ್ತದೆ. ತೀರಾ ಸಣ್ಣ ಅಳತೆಯಲ್ಲಿ ಓದಿಸಿಕೊಳ್ಳುವ ಫಾಂಟ್ ಅಲ್ಲೇ ನಿಮಗೆ ಉಪಯೋಗಕ್ಕೆ ಬರುವುದು.

ತಂಗಿಯ ವಿಷಯಕ್ಕೆ ಬರೋಣ. ಶಿಶುವಿಹಾರದಲ್ಲಿ ಕಾಮಿಕ್ ಸ್ಯಾನ್ಸ್ ಬಿಡಿ ಅಂತ ನಾನು ಹೇಳುವುದಿಲ್ಲ. ಮಗು ತಾನು ಬರೆಯುವಂಥದ್ದೇ ಇಂಗ್ಲಿಷ್ ‘ಎ’ಯನ್ನು ಗೋಡೆಯ ಮೇಲೂ ನೋಡುತ್ತದೆ. ಓದಲು ಕಷ್ಟಪಡುವ, ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಏರಿಯಲ್, ಕಾಮಿಕ್ ಸ್ಯಾನ್ಸ್ ಅಂಥ ಸರಳ ಅಕ್ಷರ ಬಳಸಿ ಅಂತ ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ತನ್ನ ಸಲಹೆಯಲ್ಲೇ ಹೇಳುತ್ತದೆ. ಫಾಂಟಿನಿಂದಲೇ ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ತಿಳಿಯಬಾರದು. 2012ರಲ್ಲಿ ಇಟಲಿ ಮತ್ತು ಫ್ರಾನ್ಸಿನ ಮಕ್ಕಳೊಂದಿಗೆ ನಡೆಸಿದ ಅಧ್ಯಯನವೊಂದರಲ್ಲಿ, ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದ್ದಕ್ಕೇ ಡಿಸ್ಲೆಕ್ಸಿಯಾ ಇರುವ ಮಕ್ಕಳು ಇನ್ನೂ ಚೆನ್ನಾಗಿ ಓದಿದ್ದು ಕಂಡುಬಂತು. ಅಕ್ಷರ ದೊಡ್ಡದಿರಲಿ, ಒತ್ತೊತ್ತಾಗಿ ಇರದಿರಲಿ. ಕನ್ನಡದ ಅಕ್ಷರಮಾಲೆಯ ಚಾರ್ಟಿಗೆ ಮಾತ್ರ ಬಾಲೂ ತಮ್ಮ, ಅಕಾಯ ಎರಡೂ ಬೇಡ. ‘ಫ’ದ ಗುರುತು ಎಲ್ಲಿ, ‘ಢ’ದ ಗೀಟು ಎಲ್ಲಿ ಅಂತ ಈಗಷ್ಟೇ ಕಲಿಯುವ ಮಗುವಿಗೆ ಸೀದಾ ಅಕ್ಷರವೇ ಬೇಕು.

ತಂಗಿಯ ನೋಟಿಸಿನಲ್ಲೂ ಯಾರ ಮಾತು ಅಂತ ನೋಡಿಕೊಂಡರೆ ಸಾಕು. ‘ನಾಳೆ ಮಕ್ಕಳಿಗೆ ಹಳದಿ ಅಂಗಿ ಹಾಕಿ ಕಳಿಸಿ’ ಅನ್ನುವುದು ಟೀಚರ್ ಮಾತು, ಸಲಿಗೆಯ ಅಕ್ಷರ ಇರಲಿ. ಫೀಸು ಕಟ್ಟುವ ಕೊನೆಯ ದಿನ, ವ್ಯಾನಿನ ಸಮಯ ಬದಲಾವಣೆ, ಮಗುವಿಗೆ ಜ್ವರ ಇದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಸಾದಾ ಫಾಂಟ್ ಹಾಕಲಿ. ಇವನ್ನು ತಮಾಷೆಯ ಅಕ್ಷರದಲ್ಲಿ ಹಾಕಿದರೆ ಪೋಷಕರು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಕೊನೆಗೆ ಇಬ್ಬರಿಗೂ ಅನ್ವಯಿಸುವ ಒಂದು ಮಾತು. ನೋಟಿಸನ್ನಾಗಲಿ ಲೇಬಲ್ಲನ್ನಾಗಲಿ ವರ್ಡ್ ಫೈಲ್ ಆಗಿ ವಾಟ್ಸಾಪಿನಲ್ಲಿ ಕಳಿಸಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಕಾಮಿಕ್ ಸ್ಯಾನ್ಸ್ ಇರುವುದಿಲ್ಲ, ಹುಬ್ಬಳ್ಳಿಯೂ ಇರುವುದಿಲ್ಲ. ತೆರೆದವರಿಗೆ ಬೇರೇನೋ ಕಾಣುತ್ತದೆ, ಸಾಲುಗಳೂ ಎಲ್ಲೆಲ್ಲೋ ಮುರಿಯುತ್ತವೆ. ಪಿಡಿಎಫ್ ಮಾಡಿ ಕಳಿಸಿ. ಡಿಟಿಪಿ ಅಂಗಡಿಗೂ ಪಿಡಿಎಫ್ಫೇ ಕೊಡಿ. ಅಲ್ಲಿನ ಹಳೆಯ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತುಗಳು ಕಿತ್ತುಬಂದು ‘ಬೆಳ್‌ಳುಳ್‌ಳಿ’ ಅಂತ ಆಗುವುದುಂಟು. ಐನೂರು ಸ್ಟಿಕ್ಕರ್ ಹೊಡೆಸುವ ಮೊದಲು ಒಂದನ್ನು ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆಸಿ ಬಾಟಲಿಗೆ ಅಂಟಿಸಿ. ಕೈಗೆ ಒಂಚೂರು ಎಣ್ಣೆ ಸವರಿಕೊಂಡು ಲೇಬಲ್ಲನ್ನು ಉಜ್ಜಿ. ಆಮೇಲೂ ತಯಾರಿಸಿದ ದಿನ ಓದಲು ಬಂದರೆ ಪೂರ್ತಿ ಹೊಡೆಸಿ.